ಸಂಸದರನ್ನು ಸಂಭಾಳಿಸುವ ಬಗೆ: ಹೊಸ ಅಧಿಕಾರಿಗಳಿಗೊಂದು ಕೈಪಿಡಿ

ಸಿಐಎಯಲ್ಲಿ ಸಂಸತ್ತಿನ ವ್ಯವಹಾರ ನೋಡಿಕೊಳ್ಳುವ ವಿಭಾಗಕ್ಕೆ ನಿಮ್ಮನ್ನು ಹಾಕಿದ್ದಾರೆ. ಮಾಸ್ಕೋಗೋ ಬೀಜಿಂಗ್‌ಗೋ ಹೋಗುವ ಆಸೆಯಿದ್ದವರಿಗೆ ವಾಷಿಂಗ್ಟನ್ನಿನ ಈ ಪೋಸ್ಟಿಂಗ್ ಸಪ್ಪೆ ಅನ್ನಿಸಬಹುದು. ಬೇಜಾರು ಬೇಡ, ಕೆಲಸ ಹೆಚ್ಚುಕಡಿಮೆ ಅದೇ.

ಹಳೆಯ ಕಾಲ ಬೇರೆಯೇ ಇತ್ತು. 1947ರಲ್ಲಿ ಸಂಸ್ಥೆ ಹುಟ್ಟಿದ ಮೇಲೆ ಕಾಲು ಶತಮಾನ ನಮ್ಮನ್ನು ಕೇಳುವವರೇ ಇರಲಿಲ್ಲ. ಸೆನೆಟರ್ ಸಾಲ್ಟನ್‌ಸ್ಟಾಲ್ ಅವರಂತೂ 1956ರಲ್ಲಿ ಸದನದಲ್ಲೇ, ಪ್ರಶ್ನೆ ಕೇಳಿದರೆ ತಮಗೆ ಬೇಡದ ಮಾಹಿತಿ ಸಿಕ್ಕಿಬಿಡಬಹುದು ಎಂಬ ಅರ್ಥದ ಮಾತಾಡಿದರು. ಅಂಥ ಸಜ್ಜನರು ಈಗೆಲ್ಲಿ? 1974ರ ಕೊನೆಗೆ ಸೀಮರ್ ಹರ್ಶ್ ಎಂಬ ಪತ್ರಕರ್ತ, ನಾವು ಸ್ವಂತ ಪ್ರಜೆಗಳ ಮೇಲೇ ಕಣ್ಣಿಟ್ಟಿದ್ದನ್ನು ಬರೆದ. ಮರುವರ್ಷ ಸೆನೆಟರ್ ಫ್ರ್ಯಾಂಕ್ ಚರ್ಚ್ ಅವರ ತನಿಖಾ ಸಮಿತಿ ಕೂತಿತು. ನಮ್ಮ ನಿರ್ದೇಶಕರೇ ಒಯ್ದಿದ್ದ ವಿಷದ ಸೂಜಿ ಹಾರಿಸುವ ಪಿಸ್ತೂಲನ್ನು ಚರ್ಚ್ ಕ್ಯಾಮೆರಾ ಮುಂದೆ ಎತ್ತಿ ಹಿಡಿದರು. ಕಾಗದ ಎಷ್ಟು ಬೇಕಾದರೂ ಕೊಡಿ. ಕೈಯಲ್ಲಿ ಎತ್ತಿ ತೋರಿಸುವಂಥದ್ದನ್ನು ಮಾತ್ರ ಕೊಡಬೇಡಿ.

ಸುಳ್ಳು ಹೇಳಬಹುದೇ ಎಂದು ಹೊಸಬರು ಕೇಳುತ್ತಾರೆ. ಚಿಲಿಯ ವಿಷಯದಲ್ಲಿ ಸೆನೆಟ್ ಸಮಿತಿಗೆ ನಿಜ ಹೇಳದ ಮಾಜಿ ನಿರ್ದೇಶಕ ರಿಚರ್ಡ್ ಹೆಲ್ಮ್ಸ್‌ಗೆ 1977ರಲ್ಲಿ 2,000 ಡಾಲರ್ ದಂಡ ಬಿತ್ತು. ಎರಡು ವರ್ಷದ ಶಿಕ್ಷೆ ಅಮಾನತಾಯಿತು. ದಂಡದ ಹಣವನ್ನು ಹಳೆಯ ಸಹೋದ್ಯೋಗಿಗಳು ಚಂದಾ ಎತ್ತಿ ಕಟ್ಟಿದರು. ಅಂದರೆ ಸುಳ್ಳು ಅಷ್ಟೇನೂ ದುಬಾರಿಯಲ್ಲ. ಆದರೆ ಅದರ ಅಗತ್ಯವೇ ಇಲ್ಲ.

ನಿಜವನ್ನೇ ಹೇಳಿ, ಕೇಳಿಸದ ಹಾಗೆ ಹೇಳಿ. ಈ ವಿದ್ಯೆಯಲ್ಲಿ ಮಾಜಿ ನಿರ್ದೇಶಕ ವಿಲಿಯಂ ಕೇಸಿ ನಮ್ಮ ಗುರು. ಅವರ ಗೊಣಗು ಸೆನೆಟರುಗಳಿಗೆ ಅರ್ಥವೇ ಆಗುತ್ತಿರಲಿಲ್ಲ. 1984ರಲ್ಲಿ ನಿಕರಾಗುವಾದ ಬಂದರುಗಳಲ್ಲಿ ಸ್ಫೋಟಕ ಹುದುಗಿಸಿದ ಸಂಗತಿಯನ್ನು ದೀರ್ಘ ಸಭೆಯೊಂದರ ನಡುವೆ ಒಂದೇ ವಾಕ್ಯದಲ್ಲಿ ಮುಗಿಸಿದರು. ಮದುವೆ ಪಂಕ್ತಿಯಲ್ಲಿ ಉಪ್ಪು ಬಡಿಸಿದ ಹಾಗೆ: ಬಡಿಸಿದ್ದು ನಿಜ, ಯಾರೂ ಗಮನಿಸಿರಬಾರದು. ಆಮೇಲೆ ತಿಳಿದಾಗ ಸೆನೆಟ್ ಗುಪ್ತಚರ ಸಮಿತಿಯ ಅಧ್ಯಕ್ಷ ಬ್ಯಾರಿ ಗೋಲ್ಡ್‌ವಾಟರ್, ನಮ್ಮ ಕಡೆಯವರೇ ಆದರೂ, ಕೆಂಡಾಮಂಡಲವಾಗಿ ಪತ್ರ ಬರೆದರು. ‘ಹೇಳಿದ್ದೆವಲ್ಲ’ ಎಂಬ ಉತ್ತರ ನಮ್ಮ ಬಳಿ ಸಿದ್ಧವಿತ್ತು.

ಇದಕ್ಕಿಂತ ಒಳ್ಳೆಯ ಉಪಾಯ ಕಾನೂನಿನಲ್ಲೇ ಇದೆ. ತೀರಾ ಸೂಕ್ಷ್ಮ ಕಾರ್ಯಾಚರಣೆಯನ್ನು ಗುಪ್ತಚರ ಸಮಿತಿಗಳ ಎಲ್ಲ ಸದಸ್ಯರ ಬದಲು ಸಂಸತ್ತಿನ ಎಂಟೇ ನಾಯಕರಿಗೆ ತಿಳಿಸಿದರೆ ಸಾಕು. ಅವರನ್ನು ಕಿಟಕಿಯಿಲ್ಲದ ಕೋಣೆಗೆ ಕರೆಯಿರಿ. ಫೋನ್ ಹೊರಗೆ, ಸಹಾಯಕರೂ ಹೊರಗೆ. ಇನ್ನು ಅವರು ವಕೀಲರನ್ನು ಕೇಳುವಂತಿಲ್ಲ, ಹೆಂಡತಿಯ ಮುಂದೂ ಬಾಯಿ ಬಿಡುವಂತಿಲ್ಲ. ಸೋದರ ಸಂಸ್ಥೆ ಎನ್‌ಎಸ್‌ಎಯ ಕದ್ದಾಲಿಕೆಯ ವಿವರ ಕೇಳಿ ಹೊರಬಂದ ಸೆನೆಟರ್ ಜೇ ರಾಕ್‌ಫೆಲರ್ 2003ರಲ್ಲಿ ಉಪಾಧ್ಯಕ್ಷ ಚೇನಿಗೆ ಪತ್ರ ಬರೆದರು, ಕೈಬರಹದಲ್ಲಿ. ನಾನು ತಂತ್ರಜ್ಞನಲ್ಲ, ವಕೀಲನೂ ಅಲ್ಲ, ಯಾರನ್ನೂ ಕೇಳುವಂತಿಲ್ಲ ಎಂದು ಅಲವತ್ತುಕೊಂಡು, ಅದರ ಒಂದು ಪ್ರತಿಯನ್ನು ಮೊಹರು ಮಾಡಿ ಭದ್ರವಾಗಿಟ್ಟರು. ಮುಂದೆ ಗುಟ್ಟು ರಟ್ಟಾದಾಗ ಸರ್ಕಾರ ಹೇಳಬೇಕಾದದ್ದು ಇಷ್ಟೇ: ಅವರಿಗೂ ಗೊತ್ತಿತ್ತು.

ಸಮಿತಿ ಹಟಕ್ಕೆ ಬಿದ್ದು ತನಿಖೆಗೇ ಇಳಿದರೆ? 2009ರಲ್ಲಿ ನಮ್ಮ ವಶದಲ್ಲಿದ್ದ ಬಂಧಿತರ ಚಿತ್ರಹಿಂಸೆಯ ಬಗ್ಗೆ ಸೆನೆಟ್ ಹೀಗೆ ಇಳಿಯಿತು. ನಮ್ಮದೇ ಕಟ್ಟಡದಲ್ಲಿ, ನಮ್ಮದೇ ಕಂಪ್ಯೂಟರಿನಲ್ಲಿ ಓದಿ ಎಂದೆವು. ಪ್ರತಿ ಕಾಗದವನ್ನೂ ಗುತ್ತಿಗೆಯವರಿಂದ ಮತ್ತೆ ಮತ್ತೆ ಓದಿಸಿ, ಅರುವತ್ತು ಲಕ್ಷಕ್ಕೂ ಹೆಚ್ಚು ಪುಟ ಸುರಿದೆವು. ವಿಷಯಸೂಚಿ ಮಾತ್ರ ಕೊಡಲಿಲ್ಲ. ಆದರೂ ಸಮಿತಿಯ ಸಿಬ್ಬಂದಿ ಹುಡುಗರು ಓದಿದರು! ಆಗ ನಮ್ಮವರು ಸಮಿತಿಗೆಂದು ಮೀಸಲಿಟ್ಟ ಕಂಪ್ಯೂಟರಿಗೇ ಇಣುಕಿದರು. 2014ರ ಮಾರ್ಚ್‌ನಲ್ಲಿ ಅಧ್ಯಕ್ಷೆ ಡಯಾನ್ ಫೈನ್‌ಸ್ಟೈನ್ ಸದನದಲ್ಲಿ ದೂರಿದಾಗ ನಿರ್ದೇಶಕ ಜಾನ್ ಬ್ರೆನನ್ ಸಾರಾಸಗಟಾಗಿ ಅಲ್ಲಗಳೆದರು, ಜುಲೈನಲ್ಲಿ ಕ್ಷಮೆ ಕೇಳಿದರು. ಕ್ರಮ ಇದೇ ಇರಲಿ: ಮೊದಲು ನಿರಾಕರಣೆ, ಆಮೇಲೆ ಕ್ಷಮೆ, ಕೊನೆಗೆ ಒಳಗಿನ ವಿಚಾರಣೆ. ಇಣುಕಿದ ಐವರಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. 6,700 ಪುಟಗಳ ವರದಿಯಲ್ಲಿ ಜನ ಕಂಡದ್ದು ಸುಮಾರು 500 ಪುಟಗಳ ಸಾರಾಂಶ, ಅದೂ ಅಲ್ಲಲ್ಲಿ ಕಪ್ಪು ಬಳಿದದ್ದು.

ಭಾರತದ ಓದುಗರಿಗೊಂದು ಸೂಚನೆ: ಈ ಕೈಪಿಡಿ ನಿಮ್ಮಲ್ಲಿ ಉಪಯೋಗಕ್ಕೆ ಬಾರದು. ಐಬಿ, ರಾ ಮೇಲೆ ಕಣ್ಣಿಡಲೆಂದೇ ಇರುವ ಸಂಸದೀಯ ಸಮಿತಿ ಅಲ್ಲಿಲ್ಲ. ಮಾಹಿತಿ ಹಕ್ಕಿನ ಕಾಯ್ದೆಯೂ ಅವನ್ನು ಬಹುಮಟ್ಟಿಗೆ ಹೊರಗಿಟ್ಟಿದೆ. 2011ರಲ್ಲಿ ಸಂಸದ ಮನೀಶ್ ತಿವಾರಿ ಇವುಗಳ ನಿಯಂತ್ರಣಕ್ಕೆಂದು ತಂದ ಖಾಸಗಿ ಸದಸ್ಯರ ಮಸೂದೆ ಕಾಯ್ದೆಯಾಗಲಿಲ್ಲ. ಐಬಿ ಯಾವ ಕಾನೂನಿನಡಿ ನಡೆಯುತ್ತಿದೆ ಎಂದು ಅದರದೇ ನಿವೃತ್ತ ಅಧಿಕಾರಿಯೊಬ್ಬರು ಕರ್ನಾಟಕ ಹೈಕೋರ್ಟಿನಲ್ಲಿ ಕೇಳಿದ್ದುಂಟು. ಬ್ರಿಟಿಷರು 1887ರಲ್ಲಿ ಶುರುಮಾಡಿದ ಆ ಸಂಸ್ಥೆಗೆ ಸಂಸತ್ತು ಇನ್ನೂ ಕಾಯ್ದೆ ಮಾಡಿಕೊಟ್ಟಿಲ್ಲ.