ಕರೆದದ್ದು ಒಬ್ಬನನ್ನ, ಬಂದದ್ದು ದಿಬ್ಬಣ

ತಿಪಟೂರಿನ ನಮ್ಮ ಮಾವನವರಿಗೆ ಬೆಳಗಾದರೆ ಬಹುಮಾನ. ಸೋಮವಾರ ಐಫೋನು, ಮಂಗಳವಾರ ಕಾರು, ಬುಧವಾರ ಯಾವುದೋ ದೇಶದ ಲಾಟರಿ. ಹೆಡ್‌ಮಾಸ್ಟರಾಗಿ ನಿವೃತ್ತರಾದ ಅವರಿಗೆ ಇಡೀ ಸರ್ವಿಸಿನಲ್ಲಿ ಸಿಕ್ಕಿದ್ದು ಬೀಳ್ಕೊಡುಗೆಯ ದಿನದ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಈಗ ಕಂಪ್ಯೂಟರಿನ ಬಲಮೂಲೆಯಿಂದ ಗಂಟೆಗೊಮ್ಮೆ ಒಬ್ಬ ತಲೆ ಹಾಕಿ ‘ಅಭಿನಂದನೆಗಳು!’ ಅನ್ನುತ್ತಾನೆ.

ಒಂದು ಸಂಜೆ ಫೋನ್ ಬಂತು. “ಅಳಿಯಂದ್ರೇ, ಬಹುಮಾನ ಹಾಗಿರಲಿ, ಕಂಪ್ಯೂಟರಿಗೆ ಐದು ವೈರಸ್ ಹೊಕ್ಕಿವೆಯಂತೆ. ಪಾಪ, ಅವರೇ ನಂಬರ್ ಕೊಟ್ಟಿದ್ದಾರೆ. ಮಾತಾಡಲೇ?”

“ಬೇಡಿ ಮಾವ. ನೆಟ್ ಆಫ್ ಮಾಡಿ. ಭಾನುವಾರ ನಾನೇ ಬರ್ತೀನಿ.”

ಹೋಗಿ ನೋಡಿದರೆ ಬ್ರೌಸರಿನ ನೆತ್ತಿಯ ಮೇಲೆ ಜಾತ್ರೆ ಬಸ್ಸಿನ ಟಾಪಿನಂತೆ ಟೂಲ್‌ಬಾರುಗಳ ಲಗೇಜು. ಕೆಳಗೆ ಪುಟ ಅನ್ನುವುದು ಅಂಗೈಯಗಲ ಉಳಿದಿತ್ತು. ವಿಚಾರಣೆ ಶುರುವಾಯಿತು. ಸತ್ಯನಾರಾಯಣ ಪೂಜೆಯ ಕರೆಯೋಲೆ ಟೈಪ್ ಮಾಡಲು ಮಾವನವರಿಗೆ ‘ನುಡಿ’ ತಂತ್ರಾಂಶ ಬೇಕಾಗಿತ್ತು. ಕನ್ನಡ ಗಣಕ ಪರಿಷತ್ತು ರೂಪಿಸಿದ ಅದು ಕಾಸಿಲ್ಲದೆ ಸಿಗುತ್ತದೆ. ಆದರೆ ಹುಡುಕಾಟದ ಮೊದಲ ಸಾಲು ಅವರನ್ನು ಇನ್ನೆಲ್ಲಿಗೋ ಕರೆದೊಯ್ದಿತ್ತು. ಅಲ್ಲಿ ಐದು ಹಸಿರು ‘ಡೌನ್‌ಲೋಡ್’ ಗುಂಡಿಗಳು; ಅಸಲಿಯದ್ದು ಮಾತ್ರ ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ. ಮೇಷ್ಟ್ರು ಜೀವಮಾನವೆಲ್ಲ ‘ದೊಡ್ಡದಾಗಿ, ದುಂಡಾಗಿ ಬರೆಯಿರಿ’ ಎಂದವರು. ದೊಡ್ಡದನ್ನೇ ಒತ್ತಿದರು.

“ಆಮೇಲೆ?”

“ಆಮೇಲೆ ನಾನೇನೂ ಮಾಡಲಿಲ್ಲ. ಬರೀ ನೆಕ್ಸ್ಟ್, ನೆಕ್ಸ್ಟ್ ಅಂದೆ.”

ಇದೇ ಈ ದಂಧೆಯ ಸೊಬಗು. ಇಲ್ಲಿ ಕನ್ನ ಹಾಕುವ ಕೆಲಸವೇ ಇಲ್ಲ, ಎಲ್ಲವೂ ಒಪ್ಪಿಗೆಯ ಮೇಲೆ. ಚೌಕದಲ್ಲಿ ರೈಟ್ ಗುರುತು ಅವರೇ ಹಾಕಿರುತ್ತಾರೆ, ಸಹಿ ಮಾತ್ರ ನಿಮ್ಮದು. ಹಾಗಾಗಿ ಆಂಟಿವೈರಸ್ ಕಂಪನಿಗಳೂ ಇಂಥವನ್ನು ಕಳ್ಳ ಅನ್ನುವುದಿಲ್ಲ, ‘ಬಹುಶಃ ಬೇಡವಾದ ಪ್ರೋಗ್ರಾಂ’ ಎಂದು ಕರೆಯುತ್ತವೆ. ನಡುಮನೆಗೆ ಬಂದು ದೇವರ ಪಟದ ಮೇಲೆ ಲೇಹ್ಯದ ಪೋಸ್ಟರ್ ಅಂಟಿಸಿದವನಿಗೂ ಒಂದು ‘ಬಹುಶಃ’ದ ಮರ್ಯಾದೆ.

ಮಾವನವರನ್ನು ನೋಡಿ ನಗುವ ಹಾಗೂ ಇಲ್ಲ. ಒರಾಕಲ್‌ನಂಥ ದೊಡ್ಡ ಮನೆತನದ ಜಾವಾ ವರ್ಷಗಟ್ಟಲೆ ‘ಆಸ್ಕ್’ ಟೂಲ್‌ಬಾರನ್ನು ಕಂಕುಳಲ್ಲಿ ಇಟ್ಟುಕೊಂಡೇ ಮನೆಮನೆಗೆ ಬರುತ್ತಿತ್ತು. 2014ರ ಕೊನೆಯಲ್ಲಿ ಲೆನೊವೊದ ಹಲವು ಲ್ಯಾಪ್‌ಟಾಪುಗಳೊಳಗೆ ‘ಸೂಪರ್‌ಫಿಶ್’ ಎಂಬ ಜಾಹೀರಾತಿನ ಮೀನು ಕಾರ್ಖಾನೆಯಲ್ಲೇ ಸೇರಿಕೊಂಡಿತ್ತು. ಗೃಹಪ್ರವೇಶಕ್ಕೆ ಮೊದಲೇ ಒಳಗೆ ಬಾಡಿಗೆದಾರ! ಸುರಕ್ಷಿತ ಪುಟಗಳಿಗೂ ಜಾಹೀರಾತು ತುರುಕಲೆಂದು ಅದು ತನ್ನದೇ ನಕಲಿ ಪ್ರಮಾಣಪತ್ರ ನೆಟ್ಟಿತ್ತು. ಅಷ್ಟೂ ಲ್ಯಾಪ್‌ಟಾಪುಗಳಿಗೆ ಒಂದೇ ಕೀಲಿಕೈ. ಅದು ಸಿಕ್ಕವನು ನಿಮ್ಮ ಬ್ಯಾಂಕಿನ ವೇಷ ಹಾಕಿ ಎದುರು ಕೂರಬಹುದಿತ್ತು. ಅಮೆರಿಕದ ವ್ಯಾಪಾರ ಆಯೋಗದ ಜೊತೆ ಕಂಪನಿ ರಾಜಿಯಾದದ್ದು 2017ರಲ್ಲಿ. ಅದೇ ವರ್ಷ ಚೆಕ್ ಪಾಯಿಂಟ್ ಎಂಬ ಸೈಬರ್ ಭದ್ರತಾ ಸಂಸ್ಥೆ, ಜಾಹೀರಾತು ತುರುಕುವ ‘ಫೈರ್‌ಬಾಲ್’ ಎಂಬ ಆ್ಯಡ್‌ವೇರ್ 25 ಕೋಟಿ ಕಂಪ್ಯೂಟರುಗಳಲ್ಲಿದೆ, ಮೊದಲ ಸ್ಥಾನ ಭಾರತಕ್ಕೆ ಎಂದಿತು. ಲೆಕ್ಕ ಉಬ್ಬಿಸಲಾಗಿದೆ ಎಂದು ಮೈಕ್ರೋಸಾಫ್ಟ್ ತಕರಾರು ತೆಗೆಯಿತು. ಇರಲಿ, ಒಂದಾದರೂ ಪಟ್ಟಿಯಲ್ಲಿ ನಾವು ಮೊದಲಿಗರಾದದ್ದನ್ನು ಹೊಟ್ಟೆಕಿಚ್ಚಿನವರು ಸಹಿಸಬೇಕಲ್ಲ.

ರೋಗಕ್ಕಿಂತ ಮದ್ದಿನ ಅಂಗಡಿಯೇ ಭಯಂಕರ. ಮಾವನವರು ಆಗಲೇ ಎರಡು ‘ಉಚಿತ ಕ್ಲೀನರ್’ ಹಾಕಿಸಿಕೊಂಡಿದ್ದರು. ಅದರಲ್ಲೊಂದು, ಸಾವಿರಕ್ಕೂ ಮೇಲ್ಪಟ್ಟು ದೋಷ ಹುಡುಕಿ, ಹುಡುಕಿದ್ದು ಪುಕ್ಕಟೆ, ತೆಗೆಯುವುದಕ್ಕೆ ದುಡ್ಡು ಅನ್ನುತ್ತಿತ್ತು. ಜಾತಕದಲ್ಲಿ ದೋಷ ಕಂಡವನೇ ಶಾಂತಿಹೋಮದ ಸಾಮಾನಿನ ಅಂಗಡಿಯನ್ನೂ ಇಟ್ಟಂತೆ. ಎರಡೂ ಕ್ಲೀನರುಗಳು ಒಂದನ್ನೊಂದು ವೈರಸ್ ಎಂದು ಬೈದುಕೊಳ್ಳುತ್ತಿದ್ದವು. ಆ ಕಂಪ್ಯೂಟರಿನಲ್ಲಿ ನಿಜ ಹೇಳುತ್ತಿದ್ದವು ಅಂದರೆ ಅವೆರಡೇ.

ಬಿಡಿಸುವ ಕೆಲಸಕ್ಕೆ ಮಂತ್ರ ಬೇಕಿಲ್ಲ, ತಾಳ್ಮೆ ಬೇಕು. ಫೋಟೊ, ಕಡತಗಳನ್ನು ಮೊದಲು ಪೆನ್‌ಡ್ರೈವಿಗೆ ಇಳಿಸಿದೆ. ಪರದೆ ತುಂಬ ನಿಂತು ಹೆದರಿಸುವ ಎಚ್ಚರಿಕೆಯ ಜೊತೆ ವಾದಕ್ಕಿಳಿಯಬಾರದು, ಅದರ ಮೇಲಿರುವ ‘ಮುಚ್ಚಿ’ ಗುರುತನ್ನೂ ನಂಬಬಾರದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರನ್ನೇ ಮುಗಿಸಿದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಯನ್ನು ತಾರೀಖಿನ ಪ್ರಕಾರ ಜೋಡಿಸಿದರೆ ದಿಬ್ಬಣವೆಲ್ಲ ಒಂದೇ ದಿನ ಬಂದಿಳಿದಿತ್ತು. ಹವಾಮಾನ ಹೇಳುವವನು, ಕೂಪನ್ ಹುಡುಕುವವನು, ಪಿಡಿಎಫ್ ಮಾಡಿಕೊಡುವವನು. ಗುರುತು ಸಿಗದ ಹೆಸರನ್ನೆಲ್ಲ ಕಿತ್ತು ಎಸೆಯುವ ಆವೇಶ ಬೇಡ. ಅದರಲ್ಲಿ ಪ್ರಿಂಟರಿನ ಜೀವವೂ ಇರಬಹುದು.

ಹೊರಡು ಎಂದರೆ ಅವು ಹೊರಡುವ ಶೈಲಿ ನೋಡಬೇಕು. ‘ನನ್ನ ಸುರಕ್ಷತೆ ಇರಲಿ’ ಎಂಬ ಗುಂಡಿ ಹಸಿರು, ದಪ್ಪ. ‘ಅಪಾಯವಾದರೂ ಸರಿ, ತೆಗೆಯಿರಿ’ ಎಂಬುದು ಮಾಸಿದ ಬೂದಿ. ಇಂಥ 13 ಬಗೆಯ ಮಸಲತ್ತುಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೆಸರಿಟ್ಟು ನಿಷೇಧಿಸಿದೆ. ನಾಚಿಕೆಪಡಿಸಿ ಒಪ್ಪಿಸುವುದೂ ಅದರಲ್ಲಿದೆ, ಇಲ್ಲದ ವೈರಸ್ ತೋರಿಸಿ ಹೆದರಿಸುವುದೂ ಇದೆ. ಗುಂಡಿಗಳಿಗೆ ಮಾತ್ರ ಗೆಜೆಟ್ ಓದುವ ಅಭ್ಯಾಸವಿಲ್ಲ.

ಬ್ರೌಸರಿನ ಎಕ್ಸ್‌ಟೆನ್ಷನ್‌ಗಳನ್ನು ತೆಗೆದು, ಮುಖಪುಟವನ್ನೂ ಸರ್ಚ್ ಎಂಜಿನ್ನನ್ನೂ ಮೊದಲಿನಂತೆ ಮಾಡಿದರೂ ‘ಅಭಿನಂದನೆಗಳು’ ನಿಲ್ಲಲಿಲ್ಲ. ಅದರ ಬೇರು ಯಾವ ಪ್ರೋಗ್ರಾಮಿನಲ್ಲೂ ಇರಲಿಲ್ಲ. ‘ನೀವು ರೋಬಾಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದು ಯಾವುದೋ ಪುಟ ಕೇಳಿತ್ತಂತೆ. ಮೇಷ್ಟ್ರಿಗೆ ಸಿಟ್ಟು ಬಂದು, ತಾನು ಮನುಷ್ಯನೆಂದು ಸಾಬೀತು ಮಾಡಿದ್ದರು. ನೋಟಿಫಿಕೇಶನ್ ಅನುಮತಿಯ ಪಟ್ಟಿಗೆ ಹೋಗಿ ಆ ‘ಹೂಂ’ ಅನ್ನು ವಾಪಸ್ ಪಡೆದೆ.

ಕೊನೆಗೆ ವಿಂಡೋಸಿನದೇ ಡಿಫೆಂಡರಿನಿಂದ ಪೂರ್ತಿ ಸ್ಕ್ಯಾನ್. ‘ಬಹುಶಃ ಬೇಡವಾದ’ವರನ್ನು ಬಾಗಿಲಲ್ಲೇ ತಡೆಯುವ ಸ್ವಿಚ್ಚೂ ಅದರಲ್ಲೇ ಇದೆ. ಎರಡನೇ ವೈದ್ಯರ ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆ್ಯಡ್‌ಡಬ್ಲ್ಯೂಕ್ಲೀನರ್, ಅದೂ ವಿಳಾಸವನ್ನು ಕೈಯಾರೆ ಟೈಪ್ ಮಾಡಿ. ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ ಪುಕ್ಕಟೆ ಸಾಧನ ಕೊಡುತ್ತದೆ. ಬ್ಯಾಂಕಿನ ಪಾಸ್‌ವರ್ಡನ್ನು ಬೇರೆ ಫೋನಿನಿಂದ ಬದಲಿಸಿದೆವು. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕಿತ್ತು. ಹೋಗಿರಲಿಲ್ಲ.

ಮೂರು ದಿನ ಬಿಟ್ಟು ಮಾವನವರ ಫೋನು. “ಅಳಿಯಂದ್ರೇ, ನೆಟ್ ಹೋದಂತಿದೆ.”

“ಪುಟ ತೆರೀತಾ ಇಲ್ವಾ ಮಾವ?”

“ತೆರೀತಾ ಇದೆ. ಆದರೆ ಬೆಳಗಿನಿಂದ ಅದು ನನ್ನನ್ನ ಏನೂ ಕೇಳಲಿಲ್ಲ.”

ಮೀಟಿಂಗಿನಲ್ಲಿದ್ದೆ. ಆ ಜಾಹೀರಾತಿನವನು ಒಂದು ದಿನವೂ ಆಡದ ಮಾತು ಅಭ್ಯಾಸಬಲದಿಂದ ನನ್ನ ಬಾಯಿಗೆ ಬಂತು: “ಆಮೇಲೆ ಮಾತಾಡ್ತೀನಿ ಮಾವ.”