ಕರಿಮಣಿ ಲೆಕ್ಕ

(ಶ್ರೀರಾಂಪುರ 2ನೇ ಹಂತ. ಜಗಲಿಯಲ್ಲಿ ಚೀಟಿ ಲೆಕ್ಕ ಬರೆಯುತ್ತಿರುವ ಅಜ್ಜಿ. ಲ್ಯಾಪ್‌ಟಾಪಿಗೆ ಅಂಟಿಕೊಂಡ ಮೊಮ್ಮಗ.)

ಅಜ್ಜಿ: ಬೆಳಗ್ಗೆಯಿಂದ ಏನೋ ಕುಟ್ತಾ ಇದ್ದೀಯ?

ಮೊಮ್ಮಗ: ಬ್ಲಾಕ್‌ಚೈನ್ ಅಜ್ಜಿ. ಅದರ ಲೆಕ್ಕ ನೋಡೋರಿಗೆ ಕೊಡೋ ಇನಾಮಿನ ನಿಯಮ ತಿದ್ದುತಾ ಇದ್ದೀನಿ.

ಅಜ್ಜಿ: ಕರೀ ಚೈನಾ? ಕರಿಮಣಿ ಅನ್ನು. ಹುಡುಗಿ ಯಾರು?

ಮೊಮ್ಮಗ: ಚೈನಿನ ಹೆಸರು ಈಥೀರಿಯಂ! 32 ನಾಣ್ಯ ಪಣ ಇಟ್ರೆ ನಾವು ವ್ಯಾಲಿಡೇಟರ್.

ಅಜ್ಜಿ: ಧರ್ಮರಾಯನೂ ಪಣ ಇಟ್ಟಿದ್ದ. ಎಲ್ಲಿ, ನಾಣ್ಯ ತೋರ್ಸು.

ಮೊಮ್ಮಗ: ಕಣ್ಣಿಗೆ ಕಾಣಲ್ಲ.

ಅಜ್ಜಿ: ನನಗೆ ಪೊರೆ ಬಂದಿದೆ, ಸರಿ. ನಿನಗೇನಾಯ್ತೋ?

ಮೊಮ್ಮಗ: 2020ರಲ್ಲೇ ಪಣ ಇಟ್ಟವರಿದ್ದಾರೆ. ವಾಪಸ್ ತೆಗೆಯೋಕೆ ಬಿಟ್ಟಿದ್ದು 2023ರ ಏಪ್ರಿಲಲ್ಲಿ.

ಅಜ್ಜಿ: ನನ್ನ ಚೀಟಿ ಎರಡು ದಿನ ತಡವಾಗಿದ್ದಕ್ಕೆ ಎದುರುಮನೆಯವಳು ಪೊಲೀಸ್ ಅಂದ್ಲಪ್ಪ!

ಮೊಮ್ಮಗ: ವ್ಯಾಲಿಡೇಟರ್ ಕೆಲಸ ಸುಲಭ. ಇನ್ನೊಬ್ಬರು ಬರೆದ ಲೆಕ್ಕ ನೋಡಿ ಹೌದು ಅನ್ನೋದು.

ಅಜ್ಜಿ: ನಿಮ್ಮ ತಾತ ನಲವತ್ತು ವರ್ಷ ಅದನ್ನೇ ಮಾಡಿದ್ರು. ಬಿಟ್ಟಿ.

ಮೊಮ್ಮಗ: 2022ರಲ್ಲಿ ಪೂರ್ತಿ ಈ ಪಣದ ಪದ್ಧತಿಗೆ ಬಂದ ಮೇಲೆ ಈಥೀರಿಯಂನ ಕರೆಂಟ್ ಖರ್ಚು 99 ಪರ್ಸೆಂಟ್ ಇಳೀತು.

ಅಜ್ಜಿ: ನಮ್ಮನೆ ಬಿಲ್ಲಿಗೆ ಯಾರೂ ಹೇಳಿಲ್ವೇನೋ.

ಮೊಮ್ಮಗ: ಒಟ್ಟು ಪಣ ಹೆಚ್ಚಾದಷ್ಟೂ ಒಬ್ಬೊಬ್ಬರ ಇನಾಮಿನ ಪಾಲು ಕಮ್ಮಿ.

ಅಜ್ಜಿ: ಮತ್ತೆ ಊರನ್ನೆಲ್ಲಾ ಕರೀತೀಯಲ್ಲ?

ಮೊಮ್ಮಗ: ಆಗ್ಲೇ ಅಜ್ಜಿ, ಲೆಕ್ಕ ಭದ್ರ!

ಅಜ್ಜಿ: ನೆಟ್ಟು ಹೋದ್ರೆ?

ಮೊಮ್ಮಗ: ದಂಡ.

ಅಜ್ಜಿ: ನೆಟ್ಟಿನವರಿಗಾ?

ಮೊಮ್ಮಗ: ನಮಗೇ.

ಅಜ್ಜಿ: ಲಾಭ ಬಂದ್ರೆ?

ಮೊಮ್ಮಗ: ಸರ್ಕಾರಕ್ಕೆ 30 ಪರ್ಸೆಂಟ್ ತೆರಿಗೆ. ನಷ್ಟ ಪೂರ್ತಿ ನಮ್ಮದು.

ಅಜ್ಜಿ: ಅವರೆಷ್ಟು ನಾಣ್ಯ ಇಟ್ಟಿದ್ದಾರಂತೆ?

(ಕರೆಂಟ್ ಹೋಗುತ್ತದೆ. ವೈಫೈ ದೀಪ ಆರುತ್ತದೆ.)

ಅಜ್ಜಿ: ಬೇಗ ಹೌದು ಅಂದ್ಬಿಡೋ, ದಂಡ ಬಿದ್ದೀತು! ಹಂಗೇ ಮೇಣದಬತ್ತಿ ತಾ, ನನ್ನ ಚೀಟೀಲಿ ಇನ್ನೂ ಇಬ್ಬರ ಕಂತು ಬರೀಬೇಕು.