ಒಲೆರಾಯನ ಮರ್ಜಿ

ನಮ್ಮೂರು ಕುಂದುರ್ಪಿಯಲ್ಲಿ ಮಳೆಗೆ ಬರವಿದ್ದರೂ ಕಡ್ಲೆಕಾಯಿ ಸಿಪ್ಪೆಗೆ ಬರವಿಲ್ಲ. ಆ ಸಿಪ್ಪೆಯನ್ನೇ ಒತ್ತಿ ಮಾಡಿದ ಗುಳಿಗೆ ಉರಿಸುವ ಫ್ಯಾನಿನ ಒಲೆ ನಮ್ಮ ಮನೆಗೂ ಬಂತು. ಇಂಥ ಒಲೆಗಳಿಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ; ನನ್ನ ತಲೆ ಕೆಡಲು ಬೆಳಗಿನ ಕಾಫಿ ಹೊತ್ತು ಸಾಕಾಯಿತು. ಗುಳಿಗೆ ತೇವವಾದರೆ ಹೊಗೆ, ಮೇಲಿನ ಗಾಳಿತೂತು ಮುಚ್ಚುವಷ್ಟು ತುಂಬಿದರೂ ಹೊಗೆ. ಉರಿಯುವಾಗ ಇನ್ನಷ್ಟು ಸುರಿದಿರೋ, ಅಡುಗೆಮನೆಯೇ ಹೋಮಕುಂಡ! ಸುರಿಯದಿದ್ದರೆ ಮುದ್ದೆ ಅರ್ಧ ಬೆಂದಾಗಲೇ ಉರಿ ಖಾಲಿ. ಕರೆಂಟು ಹೋಗಿ ಫ್ಯಾನೂ ನಿಂತಾಗ ಅಮ್ಮ ಕೇಳಿದಳು, “ಊದ್ಗೊಳವೆ ಕೊಡ್ಲೇನಪ್ಪಾ?”

ನಿಮ್ಮಲ್ಲೂ ಇಂಥ ಒಲೆ ಇದ್ದರೆ ಕೇಳಿ: ಗುಳಿಗೆಯನ್ನು ಬಿಸಿಲಿಗೆ ಹಾಕಿ, ತೂತಿನ ಕೆಳಗಿನವರೆಗಷ್ಟೇ ತುಂಬಿ, ಬೆಂಕಿಯನ್ನು ಮೇಲಿನಿಂದ ಹಚ್ಚಿ. ಅಷ್ಟಾದರೂ ಹತ್ತದಿದ್ದರೆ ಹೋಟೆಲಿನ ಇಡ್ಲಿಯೇ ಗತಿ.